ಸ್ಪಾಂಜ್ ಫಿಲ್ಟರ್ ಒಳ್ಳೆಯದೇ, ಅಂಗಡಿಯವರ ಮಾತು ನಂಬಬೇಡಿ

ಹಾಸನದ ಒಂದು ಅಕ್ವೇರಿಯಂ ಅಂಗಡಿಯಿಂದ ನಮ್ಮ 60 ಲೀಟರ್ ತೊಟ್ಟಿಗೆ ಜೋಡಿ ಸ್ಪಾಂಜ್ ಫಿಲ್ಟರ್ (ಏರ್ ಪಂಪಿನ ಗಾಳಿಯಿಂದ ನೀರನ್ನು ಸ್ಪಾಂಜಿನ ಮೂಲಕ ಎಳೆದು ಸೋಸುವ ಸಾಧನ) ತಂದು ಎಂಟು ತಿಂಗಳಾಯಿತು. ಫಿಲ್ಟರಿಗೆ ನಾಲ್ಕು ಸ್ಟಾರ್. ಏರ್ ಪಂಪ್ ರಾತ್ರಿ ಗುರ್ ಅನ್ನುತ್ತಿತ್ತು, ಕೆಳಗೆ ಗೋಣಿಚೀಲ ಮಡಚಿಟ್ಟ ಮೇಲೆ ಸುಮ್ಮನಾಯಿತು.

ಸಿಟ್ಟು ಇರುವುದು ಅಂಗಡಿಯವರ ಮೇಲೆ. "ಇದು ಹಾಕಿದ್ರೆ ನೀರು ಬದಲಿಸೋದೇ ಬೇಡ ಸಾರ್" ಅಂದಿದ್ದರು. ಸುಳ್ಳು! ಸ್ಪಾಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ ಅಲ್ಲಿಗೆ ಕೈತೊಳೆದುಕೊಳ್ಳುತ್ತವೆ, ಆ ನೈಟ್ರೇಟ್ ತೊಟ್ಟಿಯಲ್ಲೇ ಜಾಸ್ತಿಯಾಗುತ್ತಾ ಹೋಗುತ್ತದೆ ಅಲ್ವಾ? ಎರಡು ತಿಂಗಳು ಸುಮ್ನೆ ನಂಬಿ ಕೂತೆ. ಗಪ್ಪಿ ಮೀನುಗಳು ಮೂಲೆ ಹಿಡಿದವು. ಟೆಸ್ಟ್ ಕಿಟ್ ತಂದು ನೋಡಿದರೆ ಟ್ಯೂಬು ಕುಂಕುಮದ ನೀರಿನ ಹಾಗೆ ಕೆಂಪು, ನೈಟ್ರೇಟ್ 80 ಪಿಪಿಎಂ (ಅಂದರೆ ಲೀಟರಿಗೆ ಸುಮಾರು 80 ಮಿಲಿಗ್ರಾಂ)!

ಈಗ ವಾರಕ್ಕೊಂದು ಬಕೆಟ್, ಸುಮಾರು 15 ಲೀಟರ್, ಬದಲಿಸುತ್ತೇನೆ. ಮನಿ ಪ್ಲಾಂಟಿನ ಬೇರನ್ನೂ ನೀರಿಗೆ ಇಳಿಬಿಟ್ಟಿದ್ದೇನೆ, ಅದು ನೈಟ್ರೇಟ್ ಹೀರಿಕೊಂಡು ಕಿಟಕಿ ಸರಳಿನವರೆಗೆ ಹಬ್ಬಿದೆ. ಕಿಟ್ ಈಗ 20ರ ಆಸುಪಾಸು ತೋರಿಸುತ್ತದೆ.

ಇನ್ನೊಂದು, ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಿ.