ತೆರೆದ ಕಾರನ್ನು ರೆಸ್ಟೋರೇಶನ್‌ಗೆ ಕೊಡುವ ಮೊದಲು ಅದರ ಹೊಟ್ಟೆ ನೋಡಿ

ಹಳೇ ಓಪನ್ ಕಾರು, ಅಂದರೆ ಗಟ್ಟಿ ಛಾವಣಿ ಇಲ್ಲದ ಕನ್ವರ್ಟಿಬಲ್ ಇಟ್ಟುಕೊಂಡು, ಅದನ್ನು ಮೊದಲಿನ ಹಾಗೆ ಮಾಡಿಸಲು ಒಳ್ಳೆಯ ಗ್ಯಾರೇಜ್ ಹುಡುಕುತ್ತಿರುವವರಿಗೆ ಮೊದಲ ಮಾತು ಇದು: ಪೇಂಟ್ ನೋಡಿ ಗ್ಯಾರೇಜ್ ಆರಿಸಬೇಡಿ. ನಮ್ಮ ಮನೆಯ ಟ್ರಯಂಫ್ ಹೆರಾಲ್ಡ್ 1200 ಕನ್ವರ್ಟಿಬಲ್, ಬೆಂಗಳೂರಿನ ಹೊರವಲಯದ ಒಂದು ಗ್ಯಾರೇಜಿನಿಂದ ವಾಪಸ್ ಬಂದಾಗ ಬೀದಿಯವರೆಲ್ಲ ನಿಂತು ನೋಡುವಷ್ಟು ಚೆನ್ನಾಗಿತ್ತು. ಕೆಲವೇ ವಾರಗಳಲ್ಲಿ ಅದರ ಮುಂದಿನ ಬಲಗಡೆ ಚಕ್ರ ಕಿತ್ತು ಮಡಚಿಕೊಂಡಿತು. ನಮ್ಮ ರಸ್ತೆಯ ತಿರುವಿನಲ್ಲಿ, ನಡಿಗೆಯ ವೇಗದಲ್ಲಿ ಹೋಗುತ್ತಿದ್ದಾಗ ಆಗಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಪಕ್ಕದ ಸೀಟಿನಲ್ಲಿ ಅಮ್ಮ ಕುಳಿತಿದ್ದರು. ಇದೇ ಮೈಸೂರು ರಸ್ತೆಯಲ್ಲಿ, ಅರವತ್ತರ ವೇಗದಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಕಾರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. ವಿನ್ಯಾಸ ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅವರದು. ನಮ್ಮ ದೇಶದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮಾಡಿತು. ಹಾಗಾಗಿ ನಮ್ಮ ಹಿರಿಯರಲ್ಲಿ ಬಹಳ ಜನಕ್ಕೆ ಈ ಗಾಡಿ ಗೊತ್ತು. ನಮ್ಮದು ಮಾತ್ರ ಹೊರಗಿನಿಂದ ಬಂದ ಟ್ರಯಂಫ್. ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಒಂದರಿಂದ ದೊಡ್ಡಪ್ಪ ಕೊಂಡಿದ್ದರು. ಅವರ ನಂತರ ಶೆಡ್ಡಿನಲ್ಲೇ ನಿಂತಿತ್ತು. ಮಲೆನಾಡಿನ ಮಳೆಗೆ ತಳವೆಲ್ಲ ತುಕ್ಕು ಹಿಡಿದಿತ್ತು, ಆದರೆ ಇಂಜಿನ್ ಚೆನ್ನಾಗಿತ್ತು, ಕಾಗದಪತ್ರ ಎಲ್ಲ ಇತ್ತು.

ಗ್ಯಾರೇಜಿಗೆ ನಾವು ಹೇಳಿದ್ದು ಸ್ಪಷ್ಟವಾಗಿತ್ತು. ಗಾಡಿ ಮೊದಲಿನ ಹಾಗೇ ಇರಬೇಕು. ಓಡಿಸಲು ಸುರಕ್ಷಿತವಾಗಲಿ ಅಂತ ಕೆಲವು ಸಣ್ಣ ಬದಲಾವಣೆ ಮಾತ್ರ: ಸೀಟ್ ಬೆಲ್ಟ್, ರೇಡಿಯಲ್ ಟೈರ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲು ಆಲ್ಟರ್ನೇಟರ್, ಇಂಜಿನ್ನಿಗೆ ಕಿಡಿ ಕೊಡಲು ಹಳೇ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ನಾಳೆ ಬೇಡ ಅನಿಸಿದರೆ ಎಲ್ಲವನ್ನೂ ಬಿಚ್ಚಿ ಹಳೇದನ್ನೇ ಹಾಕುವಂತಿರಬೇಕು. ಅವರು ಆಯ್ತು ಅಂದರು, ಅಡ್ವಾನ್ಸ್ ತೆಗೆದುಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾಮೂಲಿ ಕಾರಿನಲ್ಲಿ ಮೇಲಿನ ಛಾವಣಿಯೂ ಮುಂಭಾಗ ಹಿಂಭಾಗವನ್ನು ಹಿಡಿದಿಟ್ಟಿರುತ್ತದೆ. ತೆರೆದ ಕಾರಿನಲ್ಲಿ ಆ ಹಿಡಿತ ಇಲ್ಲ. ಎಲ್ಲ ಭಾರ ಕೆಳಗಿನ ಛಾಸಿ (ಗಾಡಿಯ ಉಕ್ಕಿನ ಚೌಕಟ್ಟು) ಮತ್ತು ನೆಲದ ಮೇಲೆ ಬೀಳುತ್ತದೆ. ಅಲ್ಲಿ ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಜಗ್ಗುತ್ತದೆ. ಅದನ್ನು ಮೊದಲು ತೋರಿಸುವುದು ಬಾಗಿಲು. ಬಾಗಿಲಿನ ಸುತ್ತಲ ಸಂದು ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಕಾಣುತ್ತದೆ. ಹೆರಾಲ್ಡ್‌ನಲ್ಲಿ ಛಾಸಿ ಬೇರೆ, ಬಾಡಿ ಬೇರೆ. ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಬಹುದು. ಆದರೆ ಕನ್ವರ್ಟಿಬಲ್ ಬಾಡಿ ಎತ್ತುವ ಮೊದಲು ಬಾಗಿಲು ಇರುವ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಪೈಪು ಅಥವಾ ಆಂಗಲ್ ವೆಲ್ಡ್ ಮಾಡಿ ಬಿಗಿ ಮಾಡಲೇಬೇಕು. ಕೆಲಸ ಮುಗಿದ ಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಅರ್ಧ ದಿನದ ಕೆಲಸ. ಅದನ್ನು ಬಿಟ್ಟರೆ ಬಾಡಿ ತನ್ನ ಭಾರಕ್ಕೇ ಬಾಗುತ್ತದೆ.

ನಮ್ಮ ಗಾಡಿಗೆ ಹಾಗೆ ಮಾಡಿರಲಿಲ್ಲ. ಕೆಲಸದ ಮಧ್ಯೆ ಅವರೇ ಕಳಿಸಿದ ಫೋಟೋದಲ್ಲಿ ಬಾಡಿ ಚೈನ್ ಬ್ಲಾಕಿಗೆ ನೇತಾಡುತ್ತಿದೆ, ಬಾಗಿಲಿನ ಜಾಗ ಖಾಲಿ. ಏನೂ ಬಿಗಿ ಮಾಡಿಲ್ಲವಲ್ಲ ಅಂತ ಕೇಳಿದಾಗ, "ಇದಕ್ಕೆ ಛಾಸಿ ಇದೆ ಸಾರ್, ಅದೆಲ್ಲ ಬೇಡ" ಅನ್ನುವ ಉತ್ತರ ಬಂತು. ಕೊನೆಗೆ ಬಾಡಿಯ ಮುಂಭಾಗ, ಹಿಂಭಾಗ ಎರಡೂ ಸರಿಯಾಗಿ ಕೂರಲಿಲ್ಲ. ಆಗ ಅವರು ಮಾಡಿದ್ದು ಬಾಗಿಲಿನ ಅಂಚನ್ನೇ ಗ್ರೈಂಡರ್‌ನಲ್ಲಿ ತೇಯ್ದು, ಎದುರುಗಡೆ ಪುಟ್ಟಿ ತುಂಬಿ, ಸಂದು ಸಮ ಮಾಡಿ ಪೇಂಟ್ ಹೊಡೆದದ್ದು. ನೋಡಲು ಎಲ್ಲ ಸರಿ ಕಾಣುತ್ತಿತ್ತು.

ಚಕ್ರ ಮುರಿದ ಮೇಲೆ ನಮ್ಮ ಪರಿಚಯದ ಹಿರಿಯ ಟಿಂಕರ್ ಒಬ್ಬರ ಶೆಡ್ಡಿಗೆ ಗಾಡಿ ಸಾಗಿಸಿದೆವು. ಅವರು ಮೊದಲು ಕೈಗೆ ತೆಗೆದುಕೊಂಡದ್ದು ಒಂದು ಸಣ್ಣ ಅಯಸ್ಕಾಂತ. ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ಎಳೆಯುತ್ತ ಹೋದರು. ಬಾಗಿಲ ಕೆಳಗೆ, ಹಿಂದಿನ ಚಕ್ರದ ಕಮಾನಿನ ಸುತ್ತ ಅದು ಕಚ್ಚಲೇ ಇಲ್ಲ. ಅಲ್ಲೆಲ್ಲ ಬೆರಳು ದಪ್ಪದ ಪುಟ್ಟಿ. ಕೆಳಗೆ ಮಲಗಿ ನೋಡಿದರೆ ಇನ್ನೂ ಬೇಜಾರು. ಛಾಸಿಯ ಪಕ್ಕಕ್ಕೆ ಚಾಚಿಕೊಂಡು ಬಾಡಿಯನ್ನು ಹೊರುವ ತೋಳುಗಳಿವೆ, ಔಟ್‌ರಿಗರ್ ಅನ್ನುತ್ತಾರೆ. ತುಕ್ಕು ತಿಂದ ಆ ತೋಳುಗಳ ಮೇಲೆ ತೆಳು ತಗಡು ಇಟ್ಟು ರಿವೆಟ್ ಹೊಡೆದು, ಮೇಲೆ ದಪ್ಪಗೆ ಟಾರ್ ಬಳಿದಿದ್ದರು. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ಒಳಗೆ ಹೋಯಿತು. ಹೊಸ ತೋಳು ಮಾಡಿ ವೆಲ್ಡ್ ಮಾಡಿದ್ದೇವೆ ಅಂತ ಅದೇ ಗ್ಯಾರೇಜಿನವರು ದುಡ್ಡು ತೆಗೆದುಕೊಂಡಿದ್ದರು.

ಟಾರ್ ಕೆಟ್ಟದ್ದಲ್ಲ. ಶುದ್ಧ ಮಾಡಿದ ಕಬ್ಬಿಣದ ಮೇಲೆ ಹಚ್ಚಿದರೆ ಕಾಪಾಡುತ್ತದೆ. ತುಕ್ಕಿನ ಮೇಲೆ ಹಚ್ಚಿದರೆ ನೀರನ್ನು ಒಳಗೇ ಹಿಡಿದಿಟ್ಟು ಇನ್ನೂ ಬೇಗ ತಿನ್ನಿಸುತ್ತದೆ. ಹಾಗಾಗಿ ತಳಕ್ಕೆ ಟಾರ್ ಹೊಡೆಯುವ ಮೊದಲು ನೀವೇ ಹೋಗಿ ನೋಡಬೇಕು. ಪ್ರೈಮರ್ ಹಂತದಲ್ಲಿ ಗಾಡಿ ನೋಡಲು ಬಿಡುವುದಿಲ್ಲ ಅನ್ನುವ ಗ್ಯಾರೇಜಿಗೆ ದಯವಿಟ್ಟು ಮುಂದಿನ ಕಂತು ಕೊಡಬೇಡಿ.

ಇನ್ನು ಚಕ್ರ ಯಾಕೆ ಕಿತ್ತುಬಂತು ಅನ್ನುವುದು. ಹೆರಾಲ್ಡ್, ಇಲ್ಲವೇ ಟ್ರಯಂಫ್‌ನದೇ ಸ್ಪಿಟ್‌ಫೈರ್, ವಿಟೆಸ್ ಕಾರು ಇರುವವರು ಇದನ್ನು ಗಮನ ಕೊಟ್ಟು ಓದಿ. ಈ ಗಾಡಿಗಳ ಮುಂದಿನ ಚಕ್ರವನ್ನು ಹಿಡಿದಿರುವುದು ವರ್ಟಿಕಲ್ ಲಿಂಕ್ ಅನ್ನುವ ಉಕ್ಕಿನ ಕಂಬ. ಅದರ ಕೆಳತುದಿಯಲ್ಲಿ ಸ್ಕ್ರೂವಿಗೆ ಇರುವಂಥ ಮರೆ (ಥ್ರೆಡ್) ಇದೆ. ಆ ಮರೆ ಟ್ರನಿಯನ್ ಅನ್ನುವ ಹಿತ್ತಾಳೆ ಬಣ್ಣದ ಒಂದು ಗೂಡಿನ ಒಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಮರೆಯೊಳಗೇ ತಿರುಗುತ್ತದೆ. ಇದಕ್ಕೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಅಲ್ಲ. ಗ್ರೀಸ್ ಮರೆಯ ಮೇಲಿನ ತನಕ ಏರುವುದಿಲ್ಲ, ಅಲ್ಲಿ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಅಲ್ಲೇ ತುಂಡಾಗುತ್ತದೆ. ಜಾಸ್ತಿ ಸಲ ಇದು ಆಗುವುದು ನಿಧಾನವಾಗಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ. ಹೆರಾಲ್ಡ್ ಸುಮಾರು 25 ಅಡಿಯ ವೃತ್ತದಲ್ಲೇ ತಿರುಗುವ ಗಾಡಿ. ಅಷ್ಟು ಸಣ್ಣ ಜಾಗದಲ್ಲಿ ತಿರುಗುವ ಖುಷಿಗೆ ಎಲ್ಲರೂ ಸ್ಟೀರಿಂಗನ್ನು ಕೊನೆಯ ತನಕ ತಿರುಗಿಸುತ್ತಾರೆ.

ಬಿಲ್ಲಿನಲ್ಲಿ ಎರಡೂ ಕಡೆ ಹೊಸ ಲಿಂಕ್, ಹೊಸ ಟ್ರನಿಯನ್ ಅಂತ ಬರೆದಿದ್ದರು. ಹಾಕಿದ್ದು ಹಳೇದನ್ನೇ, ಕಪ್ಪು ಪೇಂಟ್ ಹೊಡೆದು, ಗ್ರೀಸ್ ಗನ್ನಿನಲ್ಲಿ ಗ್ರೀಸ್ ತುಂಬಿ. ಇದು ಹೇಗೆ ಗೊತ್ತಾಯಿತು ಅಂದರೆ, ಮುರಿದ ಜಾಗದ ಅರ್ಧ ಭಾಗ ಹಳೇ ತುಕ್ಕಿನಿಂದ ಕಪ್ಪಾಗಿತ್ತು. ಅಂದರೆ ಬಿರುಕು ಮೊದಲೇ ಇತ್ತು. ಉಳಿದ ಅರ್ಧ ಮಾತ್ರ ಹೊಸದಾಗಿ ಮುರಿದು ಹೊಳೆಯುತ್ತಿತ್ತು. ಇದರ ಮೇಲೆ, ನಾವು ಕೇಳದೇ ಇದ್ದ ಅಗಲವಾದ ಅಲಾಯ್ ಚಕ್ರಗಳನ್ನು ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಇಟ್ಟು ಹಾಕಿದ್ದರು. ಚಕ್ರ ಹೊರಗೆ ಹೋದಷ್ಟೂ ಆ ಕಂಬದ ಮೇಲಿನ ಒತ್ತಡ ಜಾಸ್ತಿ. ಲುಕ್ ಚೆನ್ನಾಗಿರುತ್ತದೆ ಅಂತ ಹಾಕಿದ್ವಿ ಅಂದರು. ಹೊಸ ಲಿಂಕ್, ಟ್ರನಿಯನ್ ಸಿಗುವುದಿಲ್ಲ ಅನ್ನುವ ಮಾತೂ ಸುಳ್ಳು. ಬ್ರಿಟನ್ನಿನಲ್ಲಿ ಇವನ್ನು ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಈ ಗಾಡಿಗಳಿಗಾಗಿಯೇ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಅಂತ ದೊಡ್ಡ ಸಂಘವೇ ಅಲ್ಲಿದೆ. ಕಸ್ಟಮ್ಸ್ ಸೇರಿಸಿದರೂ ಒಂದು ಪೇಂಟ್ ಕೆಲಸದ ಸಣ್ಣ ಪಾಲು ಮಾತ್ರ ಆಗುತ್ತದೆ.

ವೈರಿಂಗ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮದು ಪಾಸಿಟಿವ್ ಅರ್ತ್ ಗಾಡಿ. ಬ್ಯಾಟರಿಯ ಪ್ಲಸ್ ಬಾಡಿಗೆ ಕೂರುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಆಲ್ಟರ್ನೇಟರ್ ನೆಗೆಟಿವ್ ಅರ್ತ್‌ಗೆ ಮಾಡಿದ್ದು. ಮೊದಲು ಇಡೀ ಗಾಡಿಯನ್ನು ನೆಗೆಟಿವ್‌ಗೆ ಬದಲಾಯಿಸಿ, ಆಮೇಲೆ ಅದನ್ನು ಹಾಕಬೇಕು. ಇವರು ಸುಮ್ನೆ ತಂದು ಸಿಕ್ಕಿಸಿದರು. ಆಲ್ಟರ್ನೇಟರಿನ ಒಳಗಿನ ಡಯೋಡ್ ಸುಟ್ಟುಹೋಯಿತು, ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಟ್ಟು ವೈರ್ ಕರಗಿತು. ಹತ್ತಿರದಲ್ಲೇ ಪೆಟ್ರೋಲ್ ಪೈಪ್ ಇರುವ ಗಾಡಿಯಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಸೀಟ್ ಬೆಲ್ಟನ್ನೂ ಬರೀ ನೆಲದ ತಗಡಿಗೆ ವಾಷರ್ ಇಟ್ಟು ಬೋಲ್ಟ್ ಮಾಡಿದ್ದರು. ಕೆಳಗೆ ದಪ್ಪ ಪ್ಲೇಟ್ ವೆಲ್ಡ್ ಮಾಡದೆ ಹಾಕಿದ ಬೆಲ್ಟ್, ಬೇಕಾದ ಹೊತ್ತಿನಲ್ಲಿ ತಗಡು ಹರಿದುಕೊಂಡು ಬರುತ್ತದೆ.

ಇನ್ನೊಂದು ಒತ್ತಾಯವನ್ನು ನಾವು ತಡೆದೆವು. "ಹಳೇ ಇಂಜಿನ್ ಯಾಕೆ ಸಾರ್, ಮಾರುತಿ ಇಂಜಿನ್ ಕೂರಿಸಿಬಿಡೋಣ" ಅಂತ ಬಹಳ ಹೇಳಿದರು. ಬೇರೆಯವರೂ ಇಂಥ ಮಾತು ಕೇಳುತ್ತಿರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಜೊತೆಗೆ 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ "ವಿಎ" ಅಕ್ಷರಗಳ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಛಾಸಿ, ಬಾಡಿ ಅಥವಾ ಇಂಜಿನ್ ಅನ್ನು ದೊಡ್ಡದಾಗಿ ಬದಲಾಯಿಸಿದ ಗಾಡಿಗೆ ಅದು ಸಿಗುವುದಿಲ್ಲ. ವಿಎ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದಕ್ಕೆ ಮಾತ್ರ. ಇಂಜಿನ್ ಬದಲಾಯಿಸಿ ಅನ್ನುವ ಗ್ಯಾರೇಜಿನವರು ಈ ಯಾವ ಮಾತನ್ನೂ ನಮಗೆ ಹೇಳಲಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಅದೇ ಗ್ಯಾರೇಜಿನಲ್ಲಿ ಮಾರಾಟಕ್ಕೆ ನಿಂತಿದ್ದ "ಒರಿಜಿನಲ್ ಕನ್ವರ್ಟಿಬಲ್" ಒಂದು ಛಾವಣಿ ತೆಗೆದ ಮಾಮೂಲಿ ಹೆರಾಲ್ಡ್ ಆಗಿತ್ತು. ಈ ಕಾರಿನ ಛಾವಣಿ ಬೋಲ್ಟ್ ಮೇಲೆ ಕೂತಿರುವುದರಿಂದ ಅದನ್ನು ತೆಗೆಯುವುದು ಸುಲಭ, ಬಹಳ ಗಾಡಿಗಳಿಗೆ ಇದೇ ಗತಿ ಆಗಿದೆ. ಇಂಗ್ಲೆಂಡಿನಿಂದ ಬಂದ ಟ್ರಯಂಫ್ ಆದರೆ ಬಾನೆಟ್ ಎತ್ತಿ ಕಮಿಷನ್ ನಂಬರಿನ (ಕಾರ್ಖಾನೆ ಕೊಟ್ಟ ನಂಬರ್) ಪ್ಲೇಟ್ ನೋಡಿ. ನಂಬರಿನ ಕೊನೆಗೆ ಸಿವಿ ಅಂತ ಇದ್ದರೆ ಕಾರ್ಖಾನೆಯಿಂದಲೇ ಕನ್ವರ್ಟಿಬಲ್. ಡಿಎಲ್ ಅಂತ ಇದ್ದರೆ ಅದು ಹುಟ್ಟಿದ್ದೇ ಛಾವಣಿಯ ಜೊತೆ. ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಛಾವಣಿ ಕೊಯ್ದು ತೆರೆದ ಕಾರು ಮಾಡಿದ್ದರೆ ಅದರ ಹತ್ತಿರವೂ ಹೋಗಬೇಡಿ. ಏಕಬಾಡಿಯ ಫಿಯೆಟ್ 1100 ಕೊಯ್ದಿದ್ದರಂತೂ ಅದು ಅಪಾಯವೇ ಸರಿ, ಅಲ್ಲಿ ಹಿಡಿಯಲು ಬೇರೆ ಛಾಸಿಯೂ ಇಲ್ಲ. ಯಾವ ತೆರೆದ ಕಾರನ್ನೇ ಆಗಲಿ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ: ಬಾಗಿಲು ಮುಚ್ಚಿ, ಮುಂದಿನ ಚಕ್ರದ ಹಿಂದೆ ಛಾಸಿಗೆ ಜಾಕ್ ಕೊಟ್ಟು ಎತ್ತಿಸಿ, ಆಮೇಲೆ ಬಾಗಿಲು ತೆಗೆದು ಹಾಕಿ ನೋಡಿ. ಗಟ್ಟಿ ಗಾಡಿಯಲ್ಲಿ ಬಾಗಿಲು ಮೊದಲಿನ ಹಾಗೇ ಕೂರುತ್ತದೆ. ನಮ್ಮ ಗಾಡಿಯ ಬಾಗಿಲು ಎತ್ತಿದ ಕೂಡಲೇ ಸಿಕ್ಕಿಹಾಕಿಕೊಂಡಿತು. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ.

ಗ್ಯಾರೇಜಿನವರನ್ನು ಹಣ ವಾಪಸ್ ಕೇಳಿದಾಗ, ಹಳೇ ಗಾಡಿ ಅಂದಮೇಲೆ ಇದೆಲ್ಲ ಇದ್ದದ್ದೇ ಅಂದರು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧ ಮಾಡುತ್ತಿದ್ದೇವೆ. ನಿಮಗೂ ಹೀಗಾಗಿದ್ದರೆ ತಿಳಿದಿರಲಿ: ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದ ತನಕ ಶುಲ್ಕವೇ ಇಲ್ಲ, ಆದರೆ ಎರಡು ವರ್ಷದ ಒಳಗೆ ಕೊಡಬೇಕು. ನಮ್ಮ ಕೈಯಲ್ಲಿ ಇರುವ ಬಲ ಅಂದರೆ ಬಿಲ್ಲು, ಬ್ಯಾಂಕ್ ಮೂಲಕ ಕೊಟ್ಟ ಹಣದ ದಾಖಲೆ, ಅವರೇ ಕಳಿಸಿದ ಆ ಚೈನ್ ಬ್ಲಾಕಿನ ಫೋಟೋ, ಮತ್ತೆ ಮುರಿದ ಲಿಂಕ್. ಬದಲಾಯಿಸಿದ ಪ್ರತಿ ಹಳೇ ಭಾಗವನ್ನೂ ನಿಮ್ಮ ಕೈಗೇ ಕೊಡಬೇಕು ಅಂತ ಕೆಲಸ ಶುರುವಾಗುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಮುರಿದ ತುಂಡನ್ನು ಗ್ಯಾರೇಜಿಗೆ ವಾಪಸ್ ಕೊಡಲೇಬೇಡಿ. ಅದನ್ನು ಒರೆಸದೆ, ಎಣ್ಣೆ ಹಚ್ಚದೆ, ಇದ್ದ ಹಾಗೇ ಒಣ ಚೀಲದಲ್ಲಿ ಕಟ್ಟಿಡಿ.