ಅಮಲಿಲ್ಲದ ವೈನಿನ ಬಾಟಲಿಯಲ್ಲಿ ನಾವು ಕೊಳ್ಳುವುದೇನು?

"ಇದರಾಗ ಅಮಲು ಬರೂದೇನೂ ಇಲ್ಲಂದ್ರ ಇಷ್ಟ್ ರೊಕ್ಕಾ ಯಾಕ ಕೊಟ್ಟೀಪಾ?" ಎಂದು ಅವ್ವ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಸೂಪರ್ ಮಾರ್ಕೆಟ್ ಒಂದರಿಂದ ತಂದ ಆಲ್ಕೋಹಾಲ್‌ರಹಿತ ಕೆಂಪು ವೈನಿನ 750 ಮಿಲಿಯ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಬೆಲೆ 900 ರೂಪಾಯಿಗೆ ತುಸು ಕಡಿಮೆ. ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ವೈದ್ಯರು ಹೇಳಿದ ಮೇಲೆ ಎರಡು ವರ್ಷಗಳಿಂದ ನಾನು ಕುಡಿಯುವುದನ್ನು ಬಿಟ್ಟಿದ್ದೇನೆ. ಆ ಬಾಟಲಿಯನ್ನೂ ಅದರ ಬೆನ್ನಿಗೆ ತಂದ ಇನ್ನೊಂದನ್ನೂ ಬೇರೆ ಬೇರೆ ಸಂದರ್ಭಗಳಲ್ಲಿ ಕುಡಿದು ನೋಡಿದ ಬಳಿಕ ಅವ್ವನ ಪ್ರಶ್ನೆಗೆ ಉತ್ತರ ಕೊಡಬಹುದೆಂದು ತೋರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅಂಗಡಿಯ ಅದೇ ಸಾಲಿನಲ್ಲಿ, ವೈನಿನದೇ ಆಕಾರದ ಬಾಟಲಿಗಳಲ್ಲಿ ಗ್ಯಾಸ್ ತುಂಬಿದ ದ್ರಾಕ್ಷಿ ರಸವನ್ನೂ ಇಟ್ಟಿರುತ್ತಾರೆ. ಅದು ಎಂದೂ ವೈನ್ ಆಗಿದ್ದಿಲ್ಲ. ನಾನು ತಂದದ್ದು ರಸ ಹುದುಗು ಬಂದು ಪೂರ್ತಿ ವೈನಾದ ಮೇಲೆ ಅದರಿಂದ ಆಲ್ಕೋಹಾಲನ್ನು ತೆಗೆದ ಪಾನೀಯ. ಆಲ್ಕೋಹಾಲ್ ಸಾಮಾನ್ಯ ಒತ್ತಡದಲ್ಲಿ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೈನನ್ನು ಅಷ್ಟು ಕಾಸಿದರೆ ಪರಿಮಳವೆಲ್ಲ ಹಾರಿಹೋಗಿ ಬೇಯಿಸಿದ ಹಣ್ಣಿನ ವಾಸನೆ ಮಾತ್ರ ಉಳಿಯುತ್ತದೆ. ಗಾಳಿಯ ಒತ್ತಡವನ್ನು ತೀರ ಇಳಿಸಿದ ಪಾತ್ರೆಯಲ್ಲಿ, ಸುಮಾರು 30 ಡಿಗ್ರಿಯ ಹಿತವಾದ ಬಿಸಿಯಲ್ಲೇ ಅದನ್ನು ಆವಿಯಾಗಿಸಿ ತೆಗೆಯುವ ವಿಧಾನವನ್ನು ಕಳೆದ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ವೈನ್ ತಯಾರಕ ಕಾರ್ಲ್ ಯುಂಗ್ ರೂಪಿಸಿದರು. (ಮನಶ್ಶಾಸ್ತ್ರಜ್ಞ ಯುಂಗ್ ಬೇರೆ, ಇವರು ಬೇರೆ.) ಹೀಗೆ ತೆಗೆದ ಮೇಲೂ ಅತ್ಯಲ್ಪ ಪ್ರಮಾಣ ಉಳಿಯಬಹುದು, ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮಾತ್ರ ಅದು ಮದ್ಯ.

ಕೊಳ್ಳುವವರ ಮನಸ್ಸಿಗೆ ಈ ಪುಟ್ಟ ಅಂಕಿಯಿಂದ ಆಗುವ ಉಪಕಾರ ದೊಡ್ಡದು. ನಮ್ಮ ಊರುಗಳಲ್ಲಿ 'ವೈನ್ ಶಾಪ್' ಎಂದರೆ ಸಾರಾಯಿ ಅಂಗಡಿಯೆಂದೇ ಅರ್ಥ. ಸರಳುಗಳ ಹಿಂದೆ ವಿಸ್ಕಿ, ರಮ್ಮುಗಳ ಪೊಟ್ಟಣಗಳೇ ಹೆಚ್ಚು, ವೈನ್ ಅಪರೂಪ. ಅಲ್ಲಿ ಕೈ ಚಾಚಿ ನಿಲ್ಲಲು ಮುಜುಗರಪಡುವ ಎಷ್ಟೋ ಗಂಡಸರು, ಹೆಚ್ಚುಕಡಿಮೆ ಎಲ್ಲ ಹೆಂಗಸರು, ಈ ಬಾಟಲಿಯನ್ನು ಗೋಧಿ ಹಿಟ್ಟು, ಸಾಬೂನುಗಳ ಜೊತೆ ಬುಟ್ಟಿಯಲ್ಲಿ ಹಾಕಿಕೊಂಡು ಬರಬಹುದು. ನನ್ನ ಹೆಂಡತಿ ಎರಡನೆಯ ಬಾಟಲಿಯನ್ನು ತಂದದ್ದು ಹಾಗೆಯೇ.

ಇನ್ನು ರುಚಿ. ಬಣ್ಣ ಚೆನ್ನಾಗಿದೆ, ಬೆಳಕಿಗೆ ಹಿಡಿದರೆ ಮಾಗಿದ ನೇರಳೆ ಹಣ್ಣಿನ ಕೆಂಪು. ಮೂಗಿಗೆ ದ್ರಾಕ್ಷಿಯ ಸಿಪ್ಪೆ, ಕಟ್ಟಿಗೆ, ತುಸು ಒಣದ್ರಾಕ್ಷಿ. ಬಾಯಿಗಿಟ್ಟ ಮೊದಲ ಕ್ಷಣ ವೈನೇ ಸರಿ. ಎರಡನೆಯ ಕ್ಷಣಕ್ಕೆ ಕಾಲಡಿಯ ಮೆಟ್ಟಿಲೊಂದು ಇಲ್ಲದಂತಾಗುತ್ತದೆ. ನುಂಗಿದ ಬಳಿಕ ಗಂಟಲಿನಿಂದ ಎದೆಗಿಳಿಯುವ ಬಿಸುಪು ಇಲ್ಲ, ನಾಲಿಗೆಯ ಮೇಲೆ ಭಾರವಿಲ್ಲ. ಪರಿಮಳವನ್ನು ಹೊತ್ತು ತರುವುದೂ ಪಾನೀಯಕ್ಕೆ ಮೈ ಕೊಡುವುದೂ ಆಲ್ಕೋಹಾಲೇ ಆದ್ದರಿಂದ, ಅದು ಹೋದ ಜಾಗವನ್ನು ತಯಾರಕರು ಬಹಳಷ್ಟು ಸಲ ಸಕ್ಕರೆಯಿಂದ ಅಥವಾ ದ್ರಾಕ್ಷಿ ರಸದಿಂದ ತುಂಬುತ್ತಾರೆ. ನನ್ನ ಬಾಟಲಿಯ ಸಿಹಿಯೂ ಹಾಗೆ ಬಂದದ್ದೇ. ನನ್ನಂತೆ ಯಕೃತ್ತಿನ ಕಾರಣಕ್ಕೆ ಅಥವಾ ಸಕ್ಕರೆ ಕಾಯಿಲೆಯ ಕಾರಣಕ್ಕೆ ಕುಡಿತ ಬಿಟ್ಟವರು ಲೇಬಲ್ಲಿನ ಹಿಂಭಾಗವನ್ನು ಓದದೆ ಕೊಳ್ಳಬಾರದು.

ರುಚಿಯೊಂದನ್ನೇ ಅಳೆದರೆ ಈ ಬೆಲೆಗೆ ಇದನ್ನು ಶಿಫಾರಸು ಮಾಡಲಾರೆ. ಆದರೆ ನವನಗರದ ಗೆಳೆಯನ ಮಾಳಿಗೆಯ ಮೇಲೆ ಕಳೆದ ಒಂದು ಶನಿವಾರ ಸಂಜೆ ನನ್ನ ಅಳತೆಗೋಲನ್ನೇ ಬದಲಿಸಿತು. ಧಾರವಾಡದ ಕಾಲೇಜಿನಲ್ಲಿ ಕೂಡಿ ಓದಿದ ನಾವು ಆರು ಜನ ತಿಂಗಳಿಗೊಮ್ಮೆ ಅಲ್ಲಿ ಸೇರುತ್ತೇವೆ. ಕುಡಿಯುವುದನ್ನು ಬಿಟ್ಟಾಗಿನಿಂದ ನಾನು ಕೋಲಾ ಬಾಟಲಿ ಹಿಡಿದು ಕೂರುತ್ತಿದ್ದೆ, ಪ್ರತಿಸಲವೂ "ಇನ್ನೂ ಕುಡಿಯೂದು ಬಂದ್ ಏನಲೇ? ಡಾಕ್ಟರ್ ಏನಂದ್ರು? ಒಂದು ಹಾಕಿದ್ರ ಏನಾಗೂದಿಲ್ಲ" ಎಂಬ ಮಾತು ಬರುತ್ತಿತ್ತು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ, ಆದರೂ ಒಂದು ಗಂಟೆಯ ಮಾತುಕತೆಯಲ್ಲಿ ಕಾಲುಗಂಟೆ ನನ್ನ ಯಕೃತ್ತಿನ ಸುದ್ದಿಗೇ ಹೋಗುತ್ತಿತ್ತು. ಆ ಶನಿವಾರ ಕಾಲುಳ್ಳ ಗಾಜಿನ ಗ್ಲಾಸಿನಲ್ಲಿ ಕೆಂಪು ವೈನ್ ಸುರಿದುಕೊಂಡು ಕುಳಿತೆ. ಬಾಟಲಿಯಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಕೇಳಲಿಲ್ಲ. ಎಲ್ಲರೂ ಗ್ಲಾಸು ಎತ್ತಿದಾಗ ನಾನೂ ಎತ್ತಿದೆ, ಅವರು ಗುಟುಕು ಗುಟುಕಾಗಿ ಕುಡಿದಂತೆ ನಾನೂ ಕುಡಿದೆ. ಕೋಲಾವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಖಾಲಿ ಕೈಯಲ್ಲಿ ಕೂರುವ ಪ್ರಸಂಗ ಬರಲಿಲ್ಲ. ಬಿಟ್ಟವನೆಂಬ ಗುರುತು ಅಂದು ನನ್ನ ಮೇಲಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಎರಡನೆಯ ಗ್ಲಾಸಿನ ಹೊತ್ತಿಗೆ ನನ್ನ ಭುಜಗಳು ಸಡಿಲಾಗಿದ್ದವು, ಮಾತು ಸಲೀಸಾಗಿತ್ತು.

ಇದು ನನ್ನೊಬ್ಬನ ಭ್ರಮೆಯಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ನೀರನ್ನೂ ಕೆಲವರಿಗೆ ಬರೀ ಟಾನಿಕ್ ನೀರನ್ನೂ ಕೊಟ್ಟು, ಅದರಲ್ಲಿ ಏನಿದೆಯೆಂದು ಹೇಳುವಾಗ ಅರ್ಧ ಜನರಿಗೆ ಉಲ್ಟಾ ಹೇಳಿದರು. ಯಾರು ಎಷ್ಟು ಕುಡಿದರೆಂಬುದು ಲೋಟದಲ್ಲಿದ್ದ ವೋಡ್ಕಾವನ್ನಲ್ಲ, ವೋಡ್ಕಾ ಇದೆಯೆಂಬ ನಂಬಿಕೆಯನ್ನು ಅವಲಂಬಿಸಿತ್ತು. ನನಗೆ ಸತ್ಯ ಗೊತ್ತಿತ್ತು ನಿಜ; ಆದರೆ ಗ್ಲಾಸಿನ ತಣ್ಣನೆಯ ಕಾಲು, ಹುಳಿಯೊಗರು, ಸಂಜೆಯ ಹೊತ್ತು, ಸುತ್ತಲಿನ ಮುಖಗಳು ಎಲ್ಲ ಸೇರಿ ಇಪ್ಪತ್ತು ವರ್ಷ ಮೈಗೆ ಕಲಿಸಿದ ಪಾಠವನ್ನು ಬುದ್ಧಿಯೊಂದೇ ಅಳಿಸಲಾರದು.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ಹೆಂಡತಿಗೆ ಹೇಳದೆ ಅದೇ ವೈನನ್ನು ಸ್ಟೀಲ್ ಲೋಟದಲ್ಲಿ ಕೊಟ್ಟೆ. ಒಂದು ಗುಟುಕು ಕುಡಿದು, "ಅಲ್ರೀ, ದ್ರಾಕ್ಷಿ ರಸ ಹುಳಿ ಬಂದೈತಿ, ಚೆಲ್ರಿ ಅದನ್ನ" ಎಂದಳು. ಮರುದಿನ ಗಾಜಿನ ಗ್ಲಾಸಿನಲ್ಲಿ ಕೊಟ್ಟಾಗ ಅದನ್ನೇ ಅರ್ಧ ಗಂಟೆ ಹಿಡಿದು ಕುಳಿತಳು. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳು ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದ್ದರೆಂಬ ಸಂಶೋಧನೆ ಪ್ರಸಿದ್ಧ; ಕಣ್ಣು ಕಂಡದ್ದನ್ನೇ ನಾಲಿಗೆ ನಂಬುತ್ತದೆ.

ಊಟದ ಜೊತೆ ಮಾತ್ರ ಈ ವೈನ್ ತನ್ನ ಸ್ವಂತ ಬಲದಿಂದಲೇ ಗೆದ್ದಿತು. ಹುಬ್ಬಳ್ಳಿಯ ಸಾವಜಿ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ಮಟನ್ನಿನ ಜೊತೆ ಕುಡಿದು ನೋಡಿದೆ. ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನಾಲಿಗೆಯ ನರಗಳನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಆದ್ದರಿಂದ ಸಾವಜಿ ಖಾರದ ಮೇಲೆ ನಿಜವಾದ ವೈನ್ ಬೆಂಕಿಗೆ ಎಣ್ಣೆ ಸುರಿದಂತೆ. ಇಲ್ಲಿ ಆ ಕಾಟವಿರಲಿಲ್ಲ, ರುಚಿ ನೋಡುವಾಗ ಅತಿಯೆನಿಸಿದ್ದ ಸಿಹಿ ಕೂಡ ಖಾರವನ್ನು ತಣಿಸುವ ಕೆಲಸಕ್ಕೆ ಬಂತು. ಖಾರದ ಊಟಕ್ಕೆ ಇದು ನಿಜವಾದ ವೈನಿಗಿಂತ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ನನ್ನದು ಚಟವಾಗಿರಲಿಲ್ಲ. ಚಟಕ್ಕೆ ಬಿದ್ದು ಕಷ್ಟಪಟ್ಟು ಹೊರಬಂದವರಿಗೆ ಇದೇ ವಾಸನೆ, ಇದೇ ಗ್ಲಾಸು ಹಳೆಯ ಬಯಕೆಯನ್ನು ಎಬ್ಬಿಸಬಹುದು. ನನ್ನ ಭುಜ ಸಡಿಲಿಸಿದ ನೆನಪೇ ಅವರನ್ನು ಮರಳಿ ಎಳೆದೀತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತಮಗೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳದೆ ಅವರು ಇದನ್ನು ಮುಟ್ಟಬಾರದು, ನಾವೂ ಅವರಿಗೆ ಒತ್ತಾಯ ಮಾಡಬಾರದು.

ಬಾಟಲಿ ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟರೂ ಎರಡು ಮೂರು ದಿನದೊಳಗೆ ಮುಗಿಸಬೇಕು, ಏಕೆಂದರೆ ಕೆಡದಂತೆ ಕಾಯುವ ಆಲ್ಕೋಹಾಲ್ ಇದರಲ್ಲಿಲ್ಲ. ನಮ್ಮದು ನಾಲ್ಕನೆಯ ದಿನಕ್ಕೆ ಸಪ್ಪಗಾಗಿತ್ತು. ಹಾಗಾಗಿ ಒಬ್ಬರೇ ಇರುವ ಮನೆಗೆ ಇದು ದುಬಾರಿ. ತಿಂಗಳ ಕೂಟಕ್ಕೆ ಒಂದು ಬಾಟಲಿ ತರುವುದೆಂದು ನಿರ್ಧರಿಸಿದ್ದೇನೆ. ಉಳಿದ ಸಂಜೆಗಳಲ್ಲಿ, ಕೆಲಸ ಮುಗಿಯಿತೆಂದು ಮನಸ್ಸಿಗೆ ತಿಳಿಸುವ ಆ ಏಳೂವರೆಯ ಹೊತ್ತಿಗೆ, ಶಿರಸಿ ಕಡೆಯ ಒಣ ಮುರುಗಲ ಸಿಪ್ಪೆಯನ್ನು ನೆನೆಸಿ ಹಿಂಡಿದ ರಸಕ್ಕೆ ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಅದೇ ಗಾಜಿನ ಗ್ಲಾಸಿನಲ್ಲಿ ಕುಡಿಯುತ್ತಿದ್ದೇನೆ. ಅವ್ವನೂ ಈಗ ತನಗೊಂದು ಗ್ಲಾಸು ಹಾಕೆನ್ನುತ್ತಾಳೆ, ಗಾಜಿನದರಲ್ಲಿಯೇ.