ಇವಾನ್ಸ್ ಗ್ಯಾಂಬಿಟ್ ಕಲಿಯಲು ಲಿಚೆಸ್ ಸ್ಟಡಿ: ಎಲ್ಲಿ ಉಪಯೋಗ, ಎಲ್ಲಿ ಎಚ್ಚರ

ಗ್ಯಾಂಬಿಟ್ (ಕಾಲಾಳನ್ನು ಬಲಿಕೊಟ್ಟು ದಾಳಿಗಿಳಿಯುವ ಚೆಸ್ ಆರಂಭ) ಕಲಿಯುವವರಿಗೆ ಲಿಚೆಸ್ ಎಂಬ ಚೆಸ್ ಜಾಲತಾಣದ ‘ಸ್ಟಡಿ’ಗಿಂತ ಒಳ್ಳೆಯ ನೋಟ್‌ಬುಕ್ ಸಿಗುವುದು ಕಷ್ಟ. ನಡೆಗಳನ್ನೂ ಟಿಪ್ಪಣಿಗಳನ್ನೂ ಚಾಪ್ಟರ್‌ಗಳಾಗಿ ಜೋಡಿಸಿಡುವ ಸೌಲಭ್ಯ ಅದು. ಪೂರ್ತಿ ಉಚಿತ, ಜಾಹೀರಾತಿನ ಕಾಟವಿಲ್ಲ, ಒಂದು ಸ್ಟಡಿಯಲ್ಲಿ 64 ಚಾಪ್ಟರ್‌ಗಳವರೆಗೆ ಹಾಕಬಹುದು. ಆದರೆ ಚಾಪ್ಟರ್‌ಗಳನ್ನು ಜೋಡಿಸುವ ರೀತಿ ತಪ್ಪಿದರೆ ಎಷ್ಟು ಕೂತರೂ ಕೈಗೆ ಹತ್ತುವುದಿಲ್ಲ.

ಇವಾನ್ಸ್‌ನಲ್ಲೇ ನೋಡಿ. 1. ಇ4 ಇ5 2. ಕುದುರೆ ಎಫ್3, ಕುದುರೆ ಸಿ6 3. ಬಿಷಪ್ ಸಿ4, ಬಿಷಪ್ ಸಿ5 4. ಬಿ4. ಬಿಷಪ್ ಆ ಕಾಲಾಳನ್ನು ಹೊಡೆದರೆ 5. ಸಿ3. ಬಿಷಪ್ ಜಾಗ ಬದಲಿಸುವಷ್ಟರಲ್ಲಿ ಬಿಳಿ ಡಿ4 ಆಡಿ ನಡುಮಣೆ ಹಿಡಿಯುತ್ತದೆ. ಇಲ್ಲಿಂದ ಕವಲು ಶುರು.

ಎಲ್ಲ ಕವಲುಗಳನ್ನೂ ಒಂದೇ ಚಾಪ್ಟರ್‌ಗೆ ತುಂಬುವುದು ಸಾಮಾನ್ಯವಾಗಿ ಆಗುವ ತಪ್ಪು. ‘ಇಂಟರ್ಯಾಕ್ಟಿವ್ ಲೆಸನ್’ ಮೋಡ್‌ನಲ್ಲಿ ಎದುರಾಳಿ ಮುಖ್ಯ ಸಾಲನ್ನು (ನಡೆಗಳ ಸರಣಿಯನ್ನು) ಮಾತ್ರ ಆಡುತ್ತಾನೆ. ಪಕ್ಕದಲ್ಲಿ ಸೇರಿಸಿದ ಕಪ್ಪಿನ ಉತ್ತರಗಳು ಅಭ್ಯಾಸಕ್ಕೆ ಬರುವುದೇ ಇಲ್ಲ. ಹಾಗಾಗಿ ಕಪ್ಪಿನ ಒಂದೊಂದು ಉತ್ತರಕ್ಕೂ ಒಂದೊಂದು ಚಾಪ್ಟರ್ ಮಾಡಿ, ಮಣೆಯನ್ನು ಬಿಳಿಯ ಕಡೆಯಿಂದ ಇಡಿ. ಬಿಳಿಯ ತಪ್ಪು ನಡೆಗಳನ್ನು ಪಕ್ಕದ ಸಾಲಾಗಿ ಸೇರಿಸಿ ಕಾರಣ ಬರೆಯಿರಿ. ಆ ತಪ್ಪು ಆಡಿದಾಗ ನೀವು ಬರೆದದ್ದೇ ತೆರೆಯ ಮೇಲೆ ಬರುತ್ತದೆ. ಇಡೀ ಸೌಲಭ್ಯದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದೇ.

ಉದಾಹರಣೆಗೆ 5...ಬಿಷಪ್ ಎ5 6. ಡಿ4 ಡಿ6 ಚಾಪ್ಟರ್ (ಮೂರು ಚುಕ್ಕೆ ಎಂದರೆ ಕಪ್ಪಿನ ನಡೆ). ಇಲ್ಲಿ 7. ಕ್ಯಾಸಲಿಂಗ್ ಸಹಜವಾಗಿ ಕಾಣುತ್ತದೆ. ಆದರೆ 7...ಬಿಷಪ್ ಬಿ6 ಲಾಸ್ಕರ್ ರಕ್ಷಣೆ. ಬಿಳಿ ಇ5ರಲ್ಲಿ ಹೊಡೆದು, ರಾಣಿ ಬದಲಿಸಿಕೊಂಡು ಕಾಲಾಳನ್ನು ವಾಪಸ್ ಪಡೆದರೂ ಎ ಮತ್ತು ಸಿ ಕಾಲಾಳುಗಳು ಒಂಟಿಯಾಗಿ ಉಳಿದು ದಾಳಿಯೇ ಆರಿಹೋಗುತ್ತದೆ. ಬದಲಿಗೆ 7. ರಾಣಿ ಬಿ3 ಆಡಿದರೆ ಎಫ್7ಕ್ಕೆ ಕುತ್ತು. ಕಪ್ಪು ರಾಣಿಯನ್ನು ಡಿ7ಕ್ಕೆ ತರಬೇಕು. ಇ7ಕ್ಕೆ ತಂದರೆ 8. ಡಿ5, ಕುದುರೆ ಡಿ4ಕ್ಕೆ ಹಾರಿದರೆ ಅದನ್ನು ಹೊಡೆದು, ಕಪ್ಪಿನ ಕಾಲಾಳು ತಿರುಗಿ ಹೊಡೆದ ಮೇಲೆ ರಾಣಿ ಎ4 ಚೆಕ್. ಎ5ರ ಬಿಷಪ್ ಹೋಯಿತು. ಕೊನೆಯ ಚೆಕ್ ನಿಮ್ಮ ಕಣ್ಣಿಗೆ ತಾನಾಗಿ ಬೀಳುವವರೆಗೂ ಈ ಸಾಲನ್ನು ತಿರುತಿರುಗಿ ಆಡಿ.

5...ಬಿಷಪ್ ಇ7 ಬೇರೆಯೇ ಜಾತಿ. 6. ಡಿ4, ಕುದುರೆ ಎ5 ಆದಮೇಲೆ ಇ5ರ ಕಾಲಾಳನ್ನು ಹೊಡೆಯುವ ಆಸೆ ಬರುತ್ತದೆ. ಹೊಡೆದರೆ ಕಪ್ಪು ಸಿ4ರಲ್ಲಿ ಕುದುರೆಯಿಂದ ಬಿಷಪ್ ಹೊಡೆದು ಡಿ5 ತಳ್ಳಿ ಹಾಯಾಗಿ ಉಸಿರಾಡುತ್ತದೆ. 1995ರಲ್ಲಿ ರಿಗಾದಲ್ಲಿ ಆನಂದ್ ವಿರುದ್ಧ ಕಾಸ್ಪರೋವ್ ಆಡಿದ್ದು 7. ಬಿಷಪ್ ಇ2. 25 ನಡೆಗೆ ಆಟ ಮುಗಿಯಿತು. ಆ ಪಂದ್ಯವನ್ನು ಪೂರ್ತಿಯಾಗಿ ಒಂದು ಚಾಪ್ಟರ್‌ಗೆ ಹಾಕಿಕೊಳ್ಳಿ. 4...ಬಿಷಪ್ ಬಿ6 ಎಂದು ಕಾಲಾಳನ್ನೇ ಒಲ್ಲೆ ಎನ್ನುವವರಿಗೆ 5. ಎ4 ಒಂದು ಚಿಕ್ಕ ಚಾಪ್ಟರ್ ಸಾಕು.

ಯಾವ ಸ್ಥಿತಿಯಲ್ಲಿ ಯಾರು ಏನು ಆಡಿದ್ದಾರೆ ಎಂದು ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್ ಅನ್ನು ಅರಿತು ಬಳಸಬೇಕು. ಅದರಲ್ಲಿ ಬಲಿಷ್ಠ ಆಟಗಾರರ ಪಂದ್ಯಗಳಿರುವ ಮಾಸ್ಟರ್ಸ್ ಡೇಟಾಬೇಸ್ ಶುರುವಾಗುವುದೇ 1952ರಿಂದ. ಇವಾನ್ಸ್‌ನ ಸುವರ್ಣಕಾಲ 19ನೇ ಶತಮಾನ. ಇವಾನ್ಸ್ ಆಡಿದ 1852ರ ಆಂಡರ್ಸನ್–ಡುಫ್ರೆನ್ ಪಂದ್ಯ ಅಲ್ಲಿ ಸಿಗದು, ಪಿಜಿಎನ್ (ಆಟದ ನಡೆಗಳನ್ನು ಬರೆದಿಡುವ ಫೈಲ್) ತಂದು ನೀವೇ ಸೇರಿಸಬೇಕು. ನಿಮ್ಮ ಎದುರಾಳಿಗಳು ನಿಜಕ್ಕೂ ಏನು ಆಡುತ್ತಾರೆ ಎಂದು ತಿಳಿಯಲು ಲಿಚೆಸ್ ಡೇಟಾಬೇಸ್‌ಗೆ ಹೋಗಿ, ನಿಮ್ಮ ರೇಟಿಂಗ್ ಮತ್ತು ಟೈಮ್ ಕಂಟ್ರೋಲ್ (ಆಟಕ್ಕಿಟ್ಟ ಸಮಯ) ಆರಿಸಿ. ಯಾವ ಚಾಪ್ಟರ್ ಮೊದಲು ಎನ್ನುವುದನ್ನು ಆ ಪಟ್ಟಿಯೇ ಹೇಳುತ್ತದೆ.

ನಡೆಗಳನ್ನು ಲೆಕ್ಕ ಹಾಕಿ ಅಂಕ ಕೊಡುವ ಕಂಪ್ಯೂಟರ್ ಎಂಜಿನ್ ಸ್ಟಾಕ್‌ಫಿಶ್ ಅನ್ನು ಮೊದಲಿಗೆ ಆಫ್ ಮಾಡಿಡಿ. ಗ್ಯಾಂಬಿಟ್‌ನಲ್ಲಿ ಅದು ತೋರಿಸುವ ಅಂಕ ಕಪ್ಪು ಪ್ರತಿಯೊಂದು ನಡೆಯನ್ನೂ ಸರಿಯಾಗಿ ಆಡಿದಾಗಿನ ಲೆಕ್ಕ. ಅಂಕ ತುಸು ಕೆಳಗಿಳಿಯಿತೆಂದು ಸಾಲನ್ನೇ ಬಿಟ್ಟರೆ ಗ್ಯಾಂಬಿಟ್ಟೇ ಉಳಿಯುವುದಿಲ್ಲ. ನಿಮ್ಮ ಯೋಜನೆ ಬರೆದ ಮೇಲೆ ಆನ್ ಮಾಡಿ, ಮೂರು ಸಾಲು ತೋರಿಸುವಂತೆ ಇಟ್ಟು, ಬಿಷಪ್ಪೋ ಕುದುರೆಯೋ ಸುಮ್ಮನೆ ಹೋಗುತ್ತಿದೆಯೇ ಎಂದಷ್ಟೇ ಪರೀಕ್ಷಿಸಿ.

ಒಂದು ಕೊರತೆ ನಿಜ: ಮರೆಯುವ ಹೊತ್ತಿಗೆ ಸಾಲನ್ನು ತಾನಾಗಿ ಎದುರಿಗಿಡುವ ವ್ಯವಸ್ಥೆ ಸ್ಟಡಿಯಲ್ಲಿಲ್ಲ. ಯಾವ ಚಾಪ್ಟರ್ ಯಾವಾಗ ಆಡಿದಿರಿ ಎಂದು ಬೇರೆ ಬರೆದಿಟ್ಟುಕೊಂಡು, ಎಡವಿದ್ದನ್ನು ಮರುದಿನವೇ ಮತ್ತೆ ತೆರೆಯಬೇಕು.